ಊರು ಬಿಟ್ಟು ಬಂದ ಹಿರಿಯರಿಗೆ ಹೊಸ ಒಡನಾಟ

ಮಗನ ಅಥವಾ ಮಗಳ ಮನೆಯಲ್ಲಿರಲೆಂದು ಊರು ಬಿಟ್ಟು ಬೆಂಗಳೂರಿಗೆ ಬಂದ ಹಿರಿಯರು ವೈದ್ಯರ ಮುಂದೆ ಕುಳಿತು 'ನನಗೆ ಒಂಟಿತನ ಕಾಡುತ್ತಿದೆ' ಎಂದು ಹೇಳುವುದು ಬಹಳ ಅಪರೂಪ. ನಿದ್ದೆ ಬರುವುದಿಲ್ಲ, ಊಟ ರುಚಿಸುವುದಿಲ್ಲ, ಮರೆವು ಹೆಚ್ಚಾಗಿದೆ ಎಂದು ಬರುತ್ತಾರೆ. ಥೈರಾಯ್ಡ್, ಬಿ12, ಸಕ್ಕರೆ ಎಲ್ಲವೂ ಸರಿಯಿದೆಯೆಂದು ಕಂಡ ಮೇಲೆ ನಾನು ದಿನಚರಿಯ ಕಡೆಗೆ ತಿರುಗುತ್ತೇನೆ. ನಿನ್ನೆ ಮನೆಯವರನ್ನು ಬಿಟ್ಟು ಯಾರ ಜೊತೆ ಮಾತಾಡಿದಿರಿ ಎಂದು ಕೇಳಿದರೆ ಹಲವರು ಸ್ವಲ್ಪ ಹೊತ್ತು ಯೋಚಿಸಿ, ಗೇಟಿನ ಸೆಕ್ಯೂರಿಟಿಯವರ ಜೊತೆ, ಹೂವಿನವಳ ಜೊತೆ ಎನ್ನುತ್ತಾರೆ.

ಇದನ್ನು 'ಹೊತ್ತು ಹೋಗದ ಸಮಸ್ಯೆ' ಎಂದು ಮನೆಯವರು ಬದಿಗೆ ಸರಿಸಬಾರದು. ಮರೆಗುಳಿತನದ (ಡಿಮೆನ್ಷಿಯಾ) ಕುರಿತು ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್ ರಚಿಸಿದ ತಜ್ಞರ ಆಯೋಗವು 2024ರ ವರದಿಯಲ್ಲಿ, ನಾವು ಬದಲಾಯಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಪಟ್ಟಿ ಮಾಡಿದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಸಾಲಿನಲ್ಲೇ ಜನಸಂಪರ್ಕದ ಕೊರತೆಯೂ ಕಿವಿ ಮಂದವಾಗುವುದೂ ಅದರಲ್ಲಿವೆ.

ಊರಿನಲ್ಲಿದ್ದಾಗ ಇವರಲ್ಲಿ ಹೆಚ್ಚಿನವರು ಸ್ನೇಹಿತರನ್ನು ಹುಡುಕಿಕೊಂಡು ಹೋದವರಲ್ಲ. ಸ್ಟಾಫ್ ರೂಮಿನಲ್ಲಿ, ಸೊಸೈಟಿಯ ಕಟ್ಟೆಯ ಮೇಲೆ, ದೇವಸ್ಥಾನದ ಪ್ರಾಂಗಣದಲ್ಲಿ ಅದೇ ಮುಖಗಳು ಮೂವತ್ತು ವರ್ಷ ಎದುರಾದವು, ಸ್ನೇಹ ತಾನಾಗಿ ಬೆಳೆಯಿತು. ಹಾಗಾಗಿಯೇ ಹೊಸ ಜಾಗದಲ್ಲಿ ಎರಡು ತಿಂಗಳು ಕಳೆದರೂ ಯಾರೂ ಹತ್ತಿರವಾಗದಿದ್ದರೆ, 'ಈ ವಯಸ್ಸಿನಲ್ಲಿ ಇನ್ನು ಯಾರು ಸ್ನೇಹ ಮಾಡ್ತಾರೆ ಡಾಕ್ಟ್ರೇ' ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪರಿಚಯವು ಸಾಧಾರಣ ಸ್ನೇಹವಾಗಲು ಸುಮಾರು 50 ಗಂಟೆಗಳ ಒಡನಾಟ ಬೇಕು, ಆಪ್ತ ಸ್ನೇಹಕ್ಕೆ 200 ಗಂಟೆಗಳಿಗೂ ಹೆಚ್ಚು. ಆ ಅಧ್ಯಯನದಲ್ಲಿದ್ದವರು ಹೊಸ ಊರಿಗೆ ಬಂದು ನೆಲೆಸಿದವರು ಮತ್ತು ಕಾಲೇಜಿಗೆ ಆಗಷ್ಟೇ ಸೇರಿದವರು. ನಮ್ಮ ಹಿರಿಯರಿಗೆ ಅದೇ ಅಂಕಿಗಳು ಅಕ್ಷರಶಃ ಅನ್ವಯಿಸುತ್ತವೆಂದು ನಾನು ಹೇಳುವುದಿಲ್ಲ. ಆದರೆ ವಾರಕ್ಕೆ ಎರಡು ಗಂಟೆ ಜೊತೆಗಿದ್ದರೆ 50 ಗಂಟೆಯಾಗಲು ಆರು ತಿಂಗಳು ಹಿಡಿಯುತ್ತದೆ ಎಂಬ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ, ತಮ್ಮಲ್ಲೇ ಏನೋ ಕೊರತೆಯಿದೆ ಎಂಬ ಅವರ ಅಳುಕು ಎಷ್ಟೋ ಕಡಿಮೆಯಾಗುತ್ತದೆ.

ಆದ್ದರಿಂದ ನಾನು ಸ್ನೇಹಿತರನ್ನು ಹುಡುಕಿ ಎಂದು ಹೇಳುವುದಿಲ್ಲ. ವಾರವಾರವೂ ಅದೇ ಜಾಗದಲ್ಲಿ, ಅದೇ ಜನರ ನಡುವೆ ನಡೆಯುವ ಒಂದು ಕೆಲಸವನ್ನು ಆರಿಸಿಕೊಳ್ಳಿ, ಅದರಲ್ಲಿ ಒಂದು ಸಣ್ಣ ಜವಾಬ್ದಾರಿ ನಿಮ್ಮದಾಗಿರಲಿ, ಒಂದು ದಿನ ನೀವು ಹೋಗದಿದ್ದರೆ ಯಾರಾದರೂ ಫೋನ್ ಮಾಡಿ ವಿಚಾರಿಸುವಂತಿರಲಿ ಎನ್ನುತ್ತೇನೆ. ಭಜನಾ ಮಂಡಳಿಯಲ್ಲಿ ಹಿಂದೆ ಕುಳಿತು ಕೇಳಿ ಎದ್ದು ಬರುವವರಿಗಿಂತ ತಾಳ ಹಾಕುವವರಿಗೆ, ಪುಸ್ತಕ ಹಂಚಿ ಮತ್ತೆ ಜೋಡಿಸಿಡುವವರಿಗೆ ಒಡನಾಟ ಬೇಗ ಬೆಳೆಯುತ್ತದೆ. ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್‌ನಂತಹ ಕಡೆ ಉಪನ್ಯಾಸ, ಸಂಗೀತ, ಗ್ರಂಥಾಲಯ ಎಲ್ಲವೂ ಇವೆ. ಆದರೂ ಕಾರ್ಯಕ್ರಮ ಮುಗಿದ ಮೇಲೆ ಪಕ್ಕದವರ ಜೊತೆ ಒಂದು ಕಾಫಿ ಕುಡಿಯದಿದ್ದರೆ ಮಾತು ಮುಂದುವರಿಯುವುದಿಲ್ಲ. ವಾಟ್ಸಾಪ್ ಗುಂಪುಗಳನ್ನು ನಾನು ಈ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಹಳೆಯ ಗೆಳೆಯರಿಗೆ ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಫೋನ್ ಮಾಡುವುದು ಸಾವಿರ ಫಾರ್ವರ್ಡ್‌ಗಳಿಗಿಂತ ಮೇಲು.

ಇಷ್ಟು ಹೇಳಿದರೂ ಹೊರಡದವರಿದ್ದಾರೆ. ಅಂಥವರನ್ನು ಮನೆಯವರು ಮೊಂಡರು, ಯಾವುದರಲ್ಲೂ ಆಸಕ್ತಿ ಇಲ್ಲದವರು ಎಂದು ದೂರುವುದನ್ನು ಕೇಳಿದಾಗ ನನಗೆ ನಿಜಕ್ಕೂ ನೋವಾಗುತ್ತದೆ, ಏಕೆಂದರೆ ಕಾರಣ ಬಹಳ ಸಲ ದೇಹದಲ್ಲೇ ಇರುತ್ತದೆ. ಅರಸೀಕೆರೆ ಕಡೆಯ ಒಬ್ಬ ನಿವೃತ್ತ ಮೇಷ್ಟ್ರನ್ನು (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ) ಮಗ ಯೋಗ ತರಗತಿಗೆ, ನಗೆಕೂಟಕ್ಕೆ, ಹಿರಿಯರ ಸಂಘಕ್ಕೆ ಸೇರಿಸಿದ್ದರು. ಮೂರನ್ನೂ ಅವರು ಬಿಟ್ಟುಬಿಟ್ಟರು. ವಿಚಾರಿಸಿದಾಗ, 'ಎಲ್ಲರೂ ನಗ್ತಾರೆ, ಯಾಕೆ ಅಂತ ಗೊತ್ತಾಗೋದಿಲ್ಲ, ನಾನೂ ನಗ್ತೀನಿ' ಎಂದರು. ವಯಸ್ಸಾದಂತೆ ಮೊದಲು ಕುಂದುವುದು ಹೆಚ್ಚು ಕಂಪನದ ಧ್ವನಿಗಳನ್ನು ಗ್ರಹಿಸುವ ಶಕ್ತಿ. ಸ್ವರಗಳು ಕಿವಿಗೆ ಬೀಳುತ್ತವೆ, ಸ, ಶ, ತ ಮುಂತಾದ ವ್ಯಂಜನಗಳು ಜಾರಿಹೋಗುತ್ತವೆ. ಮಾತಾಡಿದ್ದು ಕೇಳಿಸುತ್ತದೆ, ಏನೆಂದು ತಿಳಿಯುವುದಿಲ್ಲ, ನಾಲ್ಕು ಜನ ಒಟ್ಟಿಗೆ ಮಾತಾಡಿದರಂತೂ ಏನೂ ದಕ್ಕುವುದಿಲ್ಲ. ಶ್ರವಣ ಪರೀಕ್ಷೆ ಮಾಡಿಸಿ ಅವರಿಗೆ ಶ್ರವಣಯಂತ್ರ ಕೊಡಿಸಲಾಯಿತು. ಮೊದಲ ದಿನವೇ ಗದ್ದಲದಲ್ಲಿ ಹಾಕಿಕೊಂಡವರು ಬೇಸತ್ತು ಅದನ್ನು ಡ್ರಾಯರಿಗೆ ಸೇರಿಸುತ್ತಾರೆ. ಮೊದಲು ಮನೆಯ ಶಾಂತ ಕೋಣೆಯಲ್ಲಿ, ಒಬ್ಬರೊಡನೆ ಮಾತಾಡುವಾಗ ಬಳಸಿ, ಕೆಲವು ವಾರಗಳಲ್ಲಿ ನಿಧಾನವಾಗಿ ಹೊರಗೆ ತರಬೇಕು. ಮೇಷ್ಟ್ರು ಈಗ ಅಪಾರ್ಟ್‌ಮೆಂಟಿನ ಹೌಸ್‌ಕೀಪಿಂಗ್ ಸಿಬ್ಬಂದಿಯ ಮಕ್ಕಳಿಗೆ ಮಂಗಳವಾರ, ಶುಕ್ರವಾರ ಸಂಜೆ ಪಾಠ ಹೇಳುತ್ತಾರೆ. ಗಣಿತಕ್ಕೆ ಬ್ಯಾಂಕಿನಿಂದ ನಿವೃತ್ತರಾದ ತೆಲುಗಿನವರೊಬ್ಬರು ಸೇರಿಕೊಂಡರು. ನವೆಂಬರಿನಲ್ಲಿ ಪಿಂಚಣಿಯ ಜೀವಿತ ಪ್ರಮಾಣಪತ್ರ ಕೊಡಲು ಇಬ್ಬರೂ ಜೊತೆಯಾಗಿಯೇ ಹೋಗಿ ಬಂದರು.

ಹೆಂಗಸರ ವಿಷಯದಲ್ಲಿ ನಾನು ತಪ್ಪದೆ ಕೇಳುವುದು ಮೂತ್ರದ ತೊಂದರೆಯನ್ನು. ಕೆಮ್ಮಿದರೆ, ನಕ್ಕರೆ ಸೋರುತ್ತದೆಂಬ ಭಯದಿಂದ ಮದುವೆ ಮನೆಗೂ ಹೋಗುವುದನ್ನು ಬಿಟ್ಟವರು ಅದನ್ನು ಮಗಳಿಗೂ ಹೇಳಿರುವುದಿಲ್ಲ. ಕಿಬ್ಬೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು ಸರಿಯಾಗಿ ಕಲಿತು ಮೂರು ತಿಂಗಳು ಬಿಡದೆ ಮಾಡಿದರೆ ಅನೇಕರಿಗೆ ಗುಣ ಕಾಣುತ್ತದೆ. ಹೃದಯಕ್ಕೋ ಊತಕ್ಕೋ ಬೆಳಿಗ್ಗೆ ನೀರಿನ ಮಾತ್ರೆ (ಮೂತ್ರ ಹೆಚ್ಚಿಸುವ ಮಾತ್ರೆ) ನುಂಗುವವರು ಮುಂದಿನ ಕೆಲವು ಗಂಟೆ ಮನೆ ಬಿಟ್ಟು ಹೊರಡುವಂತಿಲ್ಲ. ಹೊರಗೆ ಹೋಗುವ ದಿನ ಆ ಮಾತ್ರೆಯ ಹೊತ್ತನ್ನು ಬದಲಿಸಬಹುದೇ ಎಂದು ತಮ್ಮ ವೈದ್ಯರನ್ನು ಕೇಳಬೇಕು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ದುಡ್ಡಿಗಾಗಿ ಯಾರ ಮುಂದೆಯೂ ಕೈಚಾಚಬೇಕಾಗಿಲ್ಲ ಎಂದು ಹೇಳುವ ಅಜ್ಜಿಯರಿದ್ದಾರೆ, ಆದರೆ ದಾರಿಯಲ್ಲಿ ಶೌಚಾಲಯ ಎಲ್ಲಿದೆಯೆಂದು ತಿಳಿಯದೆ ಅವರು ಬಸ್ ಹತ್ತುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಎರಡು ವಾರಕ್ಕಿಂತ ಹೆಚ್ಚು ಕಾಲ ಯಾವುದರಲ್ಲೂ ಮನಸ್ಸಿಲ್ಲದೆ, ನಸುಕಿನಲ್ಲೇ ಎಚ್ಚರವಾಗಿ, ತೂಕ ಇಳಿಯುತ್ತಾ, ಬದುಕಿದ್ದೇನು ಪ್ರಯೋಜನ ಎಂಬ ಮಾತು ಬರುತ್ತಿದ್ದರೆ ಅದು ಖಿನ್ನತೆಯಿರಬಹುದು. ಅಂಥವರನ್ನು ಸಂಘಕ್ಕೆ ತಳ್ಳುವ ಮೊದಲು ಚಿಕಿತ್ಸೆ ಕೊಡಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ, ಮಕ್ಕಳಿಗೆ. ಮೊದಲ ಮೂರು ನಾಲ್ಕು ಸಲ ನೀವೇ ಕರೆದುಕೊಂಡು ಹೋಗಿ, ಪರಿಚಯ ಮಾಡಿಸಿ ದೂರ ಕುಳಿತುಕೊಳ್ಳಿ. 'ಅಮ್ಮ ಎಲ್ಲಿಗೂ ಹೋಗೋದೇ ಇಲ್ಲ' ಎನ್ನುವ ಎಷ್ಟೋ ಮನೆಗಳಲ್ಲಿ, ಮಧ್ಯಾಹ್ನ ಮೂರಕ್ಕೆ ಶಾಲೆಯ ವ್ಯಾನಿನಿಂದ ಇಳಿಯುವ ಮೊಮ್ಮಗುವನ್ನು ಕರೆತಂದು, ತಿಂಡಿ ಕೊಟ್ಟು, ಏಳರವರೆಗೆ ನೋಡಿಕೊಳ್ಳುವವರು ಆ ಅಮ್ಮನೇ ಆಗಿರುತ್ತಾರೆ. ಭಜನೆ ನಡೆಯುವುದೂ, ಪಾರ್ಕಿನಲ್ಲಿ ಜನ ಸೇರುವುದೂ ಅದೇ ಹೊತ್ತಿನಲ್ಲಿ. ವಾರದಲ್ಲಿ ಎರಡು ಸಂಜೆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆಂದು ಮೊದಲು ನಿರ್ಧರಿಸಿ, ಆಮೇಲೆ ಅವರನ್ನು ಎಲ್ಲಿಗೆ ಸೇರಿಸುವುದೆಂದು ಯೋಚಿಸಿ.