ಕೈಯಲ್ಲಿ ಒತ್ತಿ ಇಳಿಸುವ ಗಟ್ಟಿ ಡಿಕಾಕ್ಷನ್

ಹುರಿದು ಪುಡಿ ಮಾಡಿದ 18 ಗ್ರಾಂ ಕಾಫಿಯಲ್ಲಿ ಬಿಸಿನೀರಿಗೆ ಕರಗಬಲ್ಲ ಅಂಶ ಇರುವುದು ಸುಮಾರು 5 ಗ್ರಾಂ ಮಾತ್ರ. ಉಳಿದದ್ದು ಹೆಚ್ಚಾಗಿ ನಾರು. ಎಷ್ಟು ಹೊತ್ತು ನೆನೆಸಿದರೂ ಅದು ಚರಟವಾಗಿಯೇ ಉಳಿಯುತ್ತದೆ. ಆ 5 ಗ್ರಾಮನ್ನೂ ಪೂರ್ತಿ ಹಿಂಡಿ ತೆಗೆದರೆ ಒಳ್ಳೆಯ ಕಾಫಿ ಸಿಗುವುದಿಲ್ಲ. ಹುಳಿ ಮತ್ತು ಪರಿಮಳದ ಅಂಶಗಳು ಮೊದಲು ಕರಗುತ್ತವೆ, ಸಿಹಿಯ ಅನುಭವ ಕೊಡುವವು ಅವುಗಳ ಹಿಂದೆ ಬರುತ್ತವೆ, ಬಾಯಿ ಒಣಗಿಸುವ ಒಗರು ಮತ್ತು ಕಹಿ ಕೊನೆಯಲ್ಲಿ ಇಳಿಯುತ್ತವೆ. ಪುಡಿಯ ತೂಕದಲ್ಲಿ ನೂರಕ್ಕೆ 18ರಿಂದ 22ರಷ್ಟು ನೀರಿಗೆ ಬಂದಾಗ ರುಚಿ ಹದವಾಗಿರುತ್ತದೆ ಎಂಬ ಲೆಕ್ಕವನ್ನು 1950ರ ದಶಕದಲ್ಲಿ ಅಮೆರಿಕದ ಎಂಐಟಿ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದ ಅರ್ನೆಸ್ಟ್ ಲಾಕ್‌ಹಾರ್ಟ್ ಒಂದು ನಕ್ಷೆಯ ರೂಪಕ್ಕೆ ತಂದರು. ಆ ನಕ್ಷೆಯಲ್ಲಿ ಎರಡು ಅಳತೆಗಳಿವೆ: ಪುಡಿಯಿಂದ ಎಷ್ಟು ಹೊರಬಂತು ಎಂಬುದು ಒಂದು, ಲೋಟದಲ್ಲಿರುವ ದ್ರವ ಎಷ್ಟು ಗಟ್ಟಿಯಾಗಿದೆ ಎಂಬುದು ಇನ್ನೊಂದು. ನಾವು 'ಸ್ಟ್ರಾಂಗ್ ಕಾಫಿ' ಎನ್ನುವಾಗ ಈ ಎರಡನ್ನೂ ಬೆರೆಸಿಬಿಡುತ್ತೇವೆ. ಕಹಿಯಾದದ್ದೆಲ್ಲ ಗಟ್ಟಿ ಡಿಕಾಕ್ಷನ್ ಅಲ್ಲ. ಗಟ್ಟಿ ಡಿಕಾಕ್ಷನ್ ಕಹಿಯಾಗಿರಲೇಬೇಕು ಎಂದೂ ಇಲ್ಲ.

ಈ ವ್ಯತ್ಯಾಸವನ್ನು ಮನೆಯಲ್ಲೇ ಕೈಯಾರೆ ಅನುಭವಿಸಲು ಏರೋಪ್ರೆಸ್‌ಗಿಂತ ಸರಳವಾದ ಸಾಧನವನ್ನು ನಾನು ಕಂಡಿಲ್ಲ. ಅಮೆರಿಕದ ಪಾಲೋ ಆಲ್ಟೊದ ಎಂಜಿನಿಯರ್ ಅಲನ್ ಆಡ್ಲರ್ ಅದನ್ನು 2005ರಲ್ಲಿ ಮಾರುಕಟ್ಟೆಗೆ ತಂದರು. ಅದಕ್ಕೂ ಮೊದಲು ಅವರು ಹೆಸರಾಗಿದ್ದದ್ದು ಬಹು ದೂರ ಹಾರುವ ಏರೋಬಿ ಎಂಬ ಆಟದ ಬಳೆಯಿಂದ. ಒಬ್ಬರಿಗೆ ಸಾಕಾಗುವಷ್ಟು ಕಾಫಿಯನ್ನು ಕಹಿಯಿಲ್ಲದೆ, ಬೇಗ ತಯಾರಿಸಬೇಕು ಎಂಬುದು ಅವರ ಉದ್ದೇಶವಾಗಿತ್ತು. ನೋಡಲು ಅದೊಂದು ದೊಡ್ಡ ಸಿರಿಂಜ್. ಪ್ಲಾಸ್ಟಿಕ್ ಕೊಳವೆಯ ತಳಕ್ಕೆ ತೂತುಗಳ ಮುಚ್ಚಳ, ಅದರೊಳಗೆ ತೆಳುವಾದ ದುಂಡು ಕಾಗದ, ಮೇಲಿನಿಂದ ಒತ್ತಲು ರಬ್ಬರಿನ ತುದಿಯುಳ್ಳ ದಂಡ, ಇಷ್ಟೇ.

ಒತ್ತುವ ಸಾಧನವಾದ್ದರಿಂದ ಯಂತ್ರದ ಒತ್ತಡದಲ್ಲಿ ಇಳಿಸುವ ಗಾಢ ಕಾಫಿಯಾದ ಎಸ್ಪ್ರೆಸೊ ಸಿಗುತ್ತದೆ ಎಂದು ಹಲವರು ನಂಬುತ್ತಾರೆ. ಲೆಕ್ಕ ಹಾಕಿ ನೋಡಿದರೆ ಹಾಗೆ ತೋರುವುದಿಲ್ಲ. ಕೊಳವೆಯ ಒಳವ್ಯಾಸ ಸುಮಾರು 6 ಸೆಂಟಿಮೀಟರ್, ಎಂದರೆ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 28 ಚದರ ಸೆಂಟಿಮೀಟರ್. ಅಂಗೈಯಿಟ್ಟು 10 ಕಿಲೋ ಭಾರ ಹಾಕಿದರೆ ಪ್ರತಿ ಚದರ ಸೆಂಟಿಮೀಟರಿಗೆ ಬೀಳುವುದು 360 ಗ್ರಾಂ, ಒತ್ತಡವನ್ನು ಅಳೆಯುವ ಬಾರ್ ಎಂಬ ಮಾನದಲ್ಲಿ ಅದು ಒಂದು ಬಾರ್‌ನ ಮೂರನೆಯ ಒಂದು ಭಾಗದಷ್ಟು. ಎಸ್ಪ್ರೆಸೊ ಯಂತ್ರ ಕೆಲಸ ಮಾಡುವುದು 9 ಬಾರ್ ಒತ್ತಡದಲ್ಲಿ. ಅಷ್ಟನ್ನು ಈ ಕೊಳವೆಯಲ್ಲಿ ಉಂಟುಮಾಡಬೇಕಾದರೆ ದಂಡದ ಮೇಲೆ 250 ಕಿಲೋಗೂ ಹೆಚ್ಚಿನ ಭಾರ ಹೇರಬೇಕು. ಎಸ್ಪ್ರೆಸೊದ ಮೇಲೆ ನಿಲ್ಲುವ ದಟ್ಟ ಕೆನೆನೊರೆ ಇಲ್ಲಿ ಬಾರದಿರುವುದಕ್ಕೂ ಇದೇ ಕಾರಣ: ಹುರಿದ ಕಾಫಿಯೊಳಗೆ ಸಿಕ್ಕಿಕೊಂಡಿರುವ ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಕರಗಿ, ಲೋಟಕ್ಕೆ ಬಿದ್ದೊಡನೆ ಗುಳ್ಳೆಯಾಗಿ ಒಡೆಯಲು ಆ ಎತ್ತರದ ಒತ್ತಡವೇ ಬೇಕು.

ಹಾಗಾದರೆ ಕೈಯೊತ್ತು ಮಾಡುವ ಕೆಲಸವೇನು? ಅಜ್ಜಿಯ ಕಾಲದಿಂದ ಅಡುಗೆಮನೆಯಲ್ಲಿರುವ ಹಿತ್ತಾಳೆಯ ಅಥವಾ ಸ್ಟೀಲಿನ ಫಿಲ್ಟರನ್ನು ನೆನೆಯೋಣ. ಅಲ್ಲಿ ಡಿಕಾಕ್ಷನ್ ಇಳಿಯುವುದು ಪುಡಿಯ ಮೇಲೆ ನಿಂತ ನೀರಿನ ಭಾರದಿಂದ, ಎಂದರೆ ಹೆಚ್ಚೆಂದರೆ ಐದಾರು ಸೆಂಟಿಮೀಟರ್ ನೀರಿನ ಒತ್ತಡದಿಂದ. ಏರೋಪ್ರೆಸ್ಸಿನ ಮೇಲೆ 10 ಕಿಲೋ ಭಾರ ಹಾಕುವುದೆಂದರೆ ಪುಡಿಯ ಮೇಲೆ ಮೂರೂವರೆ ಮೀಟರ್ ಎತ್ತರದ ನೀರಿನ ಕಂಬವನ್ನು ನಿಲ್ಲಿಸಿದಂತೆ. ಫ್ರಾನ್ಸಿನ ಡಿಜೋನ್ ಪಟ್ಟಣಕ್ಕೆ ಕುಡಿಯುವ ನೀರು ಒದಗಿಸಿದ ಎಂಜಿನಿಯರ್ ಹೆನ್ರಿ ಡಾರ್ಸಿ, ಮರಳಿನ ಮೂಲಕ ನೀರು ಹೇಗೆ ಹರಿಯುತ್ತದೆ ಎಂದು ಅಳೆದು 1856ರಲ್ಲಿ ಒಂದು ನಿಯಮವನ್ನು ಪ್ರಕಟಿಸಿದರು. ಒತ್ತಡ ಹೆಚ್ಚಿದಷ್ಟೂ ಹರಿವು ಹೆಚ್ಚುತ್ತದೆ, ಪದರ ದಪ್ಪವಾದಷ್ಟೂ ಕುಗ್ಗುತ್ತದೆ. ಇದಕ್ಕೆ ಇನ್ನೊಂದು ಸಂಗತಿಯನ್ನೂ ಸೇರಿಸಬೇಕು: ಕಣದ ಗಾತ್ರ ಅರ್ಧವಾದರೆ ಹರಿವು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ನುಣ್ಣನೆಯ ಪುಡಿಯ ಮೂಲಕ ನೀರು ತಾನಾಗಿ ಇಳಿಯಲು ಬಹಳ ಹೊತ್ತು ಬೇಕು. ಕೈಯ ಒತ್ತು ಅದನ್ನು ಅರ್ಧ ನಿಮಿಷಕ್ಕೆ ಇಳಿಸುತ್ತದೆ. ಒತ್ತಡ ರುಚಿಯನ್ನು ಹಿಂಡಿ ತೆಗೆಯುವುದಿಲ್ಲ, ನುಣ್ಣನೆಯ ಪುಡಿಯನ್ನು ಬಳಸಲು ಅನುವು ಮಾಡಿಕೊಡುತ್ತದೆ ಎನ್ನುವುದೇ ಸರಿ.

ಗಟ್ಟಿ ಡಿಕಾಕ್ಷನ್ನಿಗೆ ನುಣುಪು ಏಕೆ ಬೇಕು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಗಟ್ಟಿಯಾಗಬೇಕೆಂದರೆ ನೀರು ಕಡಿಮೆ ಹಾಕಬೇಕು. ಆದರೆ ಸುತ್ತಲಿನ ನೀರು ಬೇಗ ಗಾಢವಾದಷ್ಟೂ ಕಣದ ಒಳಗಿನ ಅಂಶ ಹೊರಬರುವ ವೇಗ ತಗ್ಗುತ್ತದೆ, ಏಕೆಂದರೆ ಒಳಗೂ ಹೊರಗೂ ಇರುವ ಸಾಂದ್ರತೆಯ ಅಂತರವೇ ಅದನ್ನು ಹೊರಗೆಳೆಯುವ ಶಕ್ತಿ. ದಪ್ಪ ಪುಡಿಗೆ ಸ್ವಲ್ಪವೇ ನೀರು ಹಾಕಿದರೆ ಹುಳಿಹುಳಿಯಾದ, ಬೆಳೆಯದ ಡಿಕಾಕ್ಷನ್ ಸಿಗುವುದು ಹೀಗೆ. ಕಣ ಚಿಕ್ಕದಾದರೆ ಒಳಗಿನಿಂದ ಹೊರಗೆ ಬರುವ ದಾರಿಯೂ ಚಿಕ್ಕದಾಗುತ್ತದೆ, ಒಡೆದ ಜೀವಕೋಶಗಳು ನೇರವಾಗಿ ನೀರಿಗೆ ತೆರೆದುಕೊಳ್ಳುತ್ತವೆ.

18 ಗ್ರಾಂ ಪುಡಿಗೆ 90 ಗ್ರಾಂ ನೀರು ಹಾಕಿದೆವು, ನೂರಕ್ಕೆ 20ರಷ್ಟು, ಎಂದರೆ 3.6 ಗ್ರಾಂ, ಕರಗಿತು ಎಂದು ಇಟ್ಟುಕೊಳ್ಳೋಣ. ಆಗ ದ್ರವದ ಸಾಂದ್ರತೆ ನೂರಕ್ಕೆ ಸುಮಾರು 4. ಕಾಗದದ ಮೂಲಕ ತಾನಾಗಿ ತೊಟ್ಟಿಕ್ಕಿ ಇಳಿಯುವ ಡ್ರಿಪ್ ಕಾಫಿಯಲ್ಲಿ ಇದು ಒಂದೂಕಾಲರ ಆಸುಪಾಸಿನಲ್ಲಿರುತ್ತದೆ, ಎಸ್ಪ್ರೆಸೊದಲ್ಲಿ 8ರಿಂದ 12. ಒತ್ತದೆ ಸುಮ್ಮನೆ ಸೋಸಿದರೆ ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. 36 ಗ್ರಾಂ ಗಟ್ಟಿ ಡಿಕಾಕ್ಷನ್ ಚರಟದ ಜೊತೆಗೇ ಹೋಯಿತು. ಒತ್ತಿದಾಗ ಉಳಿಯುವುದು 20 ಗ್ರಾಮಿನಷ್ಟು, ಲೋಟಕ್ಕೆ 70 ಗ್ರಾಂ ಬರುತ್ತದೆ. ಕೊಳವೆಯಿಂದ ಹೊರಬೀಳುವ ಚರಟ ಬಿಲ್ಲೆಯ ಹಾಗೆ ಗಟ್ಟಿಯಾಗಿ, ಅಂಚು ಮುರಿಯದಂತೆ ಇರುವುದನ್ನು ಕಂಡಾಗ ಈ ಲೆಕ್ಕ ಕಣ್ಣಿಗೇ ಕಾಣುತ್ತದೆ.

ನಾನು ಅನುಸರಿಸುವ ಕ್ರಮ ಹೀಗಿದೆ. ಕಾಗದವನ್ನು ಒದ್ದೆ ಮಾಡಿ ಮುಚ್ಚಳ ತಿರುಗಿಸುತ್ತೇನೆ, ಅಗಲ ಬಾಯಿಯ ದಪ್ಪ ಮಗ್ಗಿನ ಮೇಲೆ ಕೊಳವೆಯನ್ನು ನಿಲ್ಲಿಸಿ, ಸಣ್ಣ ರವೆಗಿಂತ ತುಸು ನುಣ್ಣಗಿರುವ ಪುಡಿಯನ್ನು ಹಾಕುತ್ತೇನೆ. ಆಡ್ಲರ್ ಸೂಚಿಸಿದ್ದು ಸುಮಾರು 80 ಡಿಗ್ರಿಯ ನೀರು. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಸುಮಾರಿಗೆ. ಕಪ್ಪಗೆ ಹುರಿದ ಬೀಜವಾದರೆ ಆ ನೀರನ್ನು ಪಾತ್ರೆಯಿಂದ ಪಾತ್ರೆಗೆ ಎರಡು ಸಲ ಸುರಿದು ತಣಿಸಬೇಕು, ತಿಳಿ ಕಂದು ಬಣ್ಣಕ್ಕೆ ಹುರಿದದ್ದಾದರೆ ಬಿಸಿಯಾಗಿಯೇ ಹಾಕಬಹುದು. ನೀರು ಬಿದ್ದ ಕೂಡಲೇ ಹೊಸ ಪುಡಿ ಉಬ್ಬಿ ಬರುತ್ತದೆ, ಮೇಲೆ ಕಂದು ನೊರೆ ಕಟ್ಟುತ್ತದೆ. ಆ ಅನಿಲದ ಪೊರೆ ಕಣಗಳಿಗೆ ನೀರು ತಗುಲದಂತೆ ತಡೆಯುವುದರಿಂದ ಹತ್ತು ಸೆಕೆಂಡು ಚೆನ್ನಾಗಿ ಕಲಕಬೇಕು. ಒಂದು ನಿಮಿಷ ಬಿಟ್ಟು, ಮೆಲ್ಲಗೆ ಒಂದೇ ಸಮನೆ ಒತ್ತಬೇಕು. ಸುಯ್ಯೆಂದು ಗಾಳಿಯ ಸದ್ದು ಬಂದರೆ ನೀರು ಮುಗಿದಂತೆ, ನಾನು ಅಲ್ಲಿಗೇ ನಿಲ್ಲಿಸುತ್ತೇನೆ.

ಮೊದಲ ಸಲ ನಾನು ತಪ್ಪಿದ್ದು ಪುಡಿಯಲ್ಲಿ. ಅಂಗಡಿಯಿಂದ ತಂದ, ಚಿಕೋರಿ ಬೆರೆತ ನುಣ್ಣನೆಯ ಫಿಲ್ಟರ್ ಪುಡಿಯನ್ನೇ ತುಂಬಿದ್ದೆ. ದಂಡ ಕದಲಲಿಲ್ಲ. ಮೈಭಾರವನ್ನೆಲ್ಲ ಹಾಕಿ ಒತ್ತಿದಾಗ ಕೆಳಗಿದ್ದ ಸ್ಟೀಲ್ ಲೋಟ ವಾಲಿ, ಬಿಸಿ ಡಿಕಾಕ್ಷನ್ ಕೈಮೇಲೆ ಚೆಲ್ಲಿ ಎರಡು ದಿನ ಉರಿಯಿತು. ಡಾರ್ಸಿಯ ನಿಯಮದ ಜೊತೆಗೆ ಅಲ್ಲಿ ಚಿಕೋರಿಯ ಗುಣವೂ ಸೇರಿತ್ತು. ಚಿಕೋರಿ ಒಂದು ಗಿಡದ ಬೇರು. ಅದರಲ್ಲಿ ಕೆಫೀನ್ ಇಲ್ಲ, ಇನುಲಿನ್ ಎಂಬ ಶರ್ಕರಪಿಷ್ಟ ಹೇರಳವಾಗಿದೆ. ಹುರಿದ ಚಿಕೋರಿ ಕಾಫಿಗಿಂತ ಎಷ್ಟೋ ಹೆಚ್ಚು ಪಾಲು ನೀರಿಗೆ ಕರಗಿ, ದ್ರವವನ್ನು ಮಂದವಾಗಿಸುತ್ತದೆ. ನಿಧಾನವಾಗಿ ತೊಟ್ಟಿಕ್ಕುವ ನಮ್ಮ ಫಿಲ್ಟರಿಗೆ ಅದು ಹೊಂದಿಕೊಳ್ಳುತ್ತದೆ, ಬಣ್ಣವನ್ನೂ ಮೈಯನ್ನೂ ಕೊಡುತ್ತದೆ. ಕಾಗದದ ಮೂಲಕ ಒತ್ತುವಾಗ ಮಾತ್ರ ಅಂಟಾಗಿ ದಾರಿ ಕಟ್ಟುತ್ತದೆ. ಏರೋಪ್ರೆಸ್ಸಿಗೆ ಚಿಕೋರಿಯಿಲ್ಲದ ಪುಡಿಯೇ ಸರಿ. ಹಾಲಿಗೆ ನಿಲ್ಲುವ ಗಡಸು ಬೇಕೆನಿಸಿದರೆ ಅರೇಬಿಕಾದ ಜೊತೆ ಕಾಲು ಪಾಲು ರೋಬಸ್ಟಾ ಬೆರೆಸಿಕೊಳ್ಳಬಹುದು. ಅದರ ಕೆಫೀನ್ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು.

ಕಾಗದದ ಇನ್ನೊಂದು ಉಪಕಾರವನ್ನು ಹೇಳಬೇಕು. ಕಾಫಿಯ ಎಣ್ಣೆಯಲ್ಲಿ ಕೆಫೆಸ್ಟಾಲ್ ಎಂಬ ಪದಾರ್ಥವಿದೆ. ಸೋಸದೆ ಕುಡಿಯುವ ಕಾಫಿ ರಕ್ತದಲ್ಲಿ ಕೆಟ್ಟ ಕೊಲೆಸ್ಟರಾಲನ್ನು ಏರಿಸುವುದು ಇದರಿಂದಲೇ. ಕಾಗದ ಅದರ ಬಹುಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ, ದಿನಕ್ಕೆ ನಾಲ್ಕೈದು ಲೋಟ ಕುಡಿಯುವವರಿಗೆ ಇದು ಸಣ್ಣ ಮಾತಲ್ಲ.

ಇಳಿದ 70 ಗ್ರಾಂ ಡಿಕಾಕ್ಷನ್ನಿಗೆ 100ರಿಂದ 120 ಮಿಲಿಲೀಟರ್ ಬಿಸಿ ಹಾಲು ಸಾಕು. ಕುಡಿದು ನೋಡಿದ ಮೇಲೆ ನೀರು ನೀರಾಗಿದೆ ಎನಿಸಿದರೆ ಮರುದಿನ ಪುಡಿ ಹೆಚ್ಚಿಸಬೇಕು ಅಥವಾ ನೀರು ತಗ್ಗಿಸಬೇಕು, ನೆನೆಸುವ ಹೊತ್ತನ್ನು ಮುಟ್ಟಬಾರದು. ಗಟ್ಟಿಯಾಗಿಯೇ ಇದ್ದು ಹುಳಿ ಮುಂದಾಗಿದ್ದರೆ ಪುಡಿಯನ್ನು ಇನ್ನಷ್ಟು ನುಣ್ಣಗೆ ಮಾಡಬೇಕು ಇಲ್ಲವೇ ನೀರಿನ ಬಿಸಿ ಏರಿಸಬೇಕು. ಗಂಟಲಲ್ಲಿ ಒಗರು ಉಳಿದರೆ ಇದಕ್ಕೆ ತಿರುಗುಮುರುಗು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿದರೆ, ಯಾವುದರಿಂದ ಏನಾಯಿತು ಎಂಬುದು ನಾಲಿಗೆಗೆ ತಿಳಿಯುತ್ತದೆ.