ವೈಟ್‌ಫೀಲ್ಡ್ ಎಷ್ಟು ದೂರ? 16, 20, 24 – ಮೂರೂ ಸರಿ

ಪ್ರಶ್ನೆ: ನಾವು ಹಾವೇರಿ ಕಡೆಯವರು. ಮಗಳಿಗೆ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಕೆಲಸ ಸಿಕ್ಕಿದೆ. ಊರಿನ ಮಧ್ಯದಿಂದ ಅದು ಎಷ್ಟು ದೂರ ಎಂದು ಮೂವರನ್ನು ಕೇಳಿದೆ. ಒಬ್ಬರು 16 ಕಿ.ಮೀ. ಅಂದರು, ಇನ್ನೊಬ್ಬರು 20, ಮತ್ತೊಬ್ಬರು 24. ಯಾರನ್ನು ನಂಬಬೇಕು? ಯಲಹಂಕ, ಕೆಂಗೇರಿ, ಎಲೆಕ್ಟ್ರಾನಿಕ್ ಸಿಟಿ ಎಷ್ಟೆಷ್ಟು ದೂರ ಅಂತಲೂ ತಿಳಿಸಿ.

ಉತ್ತರ: ಮೂವರನ್ನೂ ನಂಬಿ. ಯಾರೂ ಸುಳ್ಳು ಹೇಳಿಲ್ಲ. ಹಗ್ಗದ ಒಂದು ತುದಿ ವೈಟ್‌ಫೀಲ್ಡ್‌ನಲ್ಲಿದೆ, ಅದು ಖಚಿತ. ಇನ್ನೊಂದು ತುದಿಯ ಗೂಟವನ್ನು ಒಬ್ಬೊಬ್ಬರು ಒಂದೊಂದು ಕಡೆ ಹೊಡೆದಿದ್ದಾರೆ, ಅಷ್ಟೇ.

ನಿಮ್ಮಂತೆ ಊರಿಂದ ಬರುವವರಿಗೆ ಬೆಂಗಳೂರಿನ ಮಧ್ಯ ಅಂದರೆ ಮೆಜೆಸ್ಟಿಕ್. ಬಸ್ಸು ಬಂದು ನಿಲ್ಲುವುದು ಅಲ್ಲಿ, ಎದುರಿಗೇ ರೈಲು ನಿಲ್ದಾಣ. ಮೆಜೆಸ್ಟಿಕ್‌ನಿಂದ ಕಾಗೆ ಹಾರಿದಂತೆ ನೇರ ಗೆರೆ ಎಳೆದರೆ ವೈಟ್‌ಫೀಲ್ಡ್ ಸುಮಾರು 20 ಕಿ.ಮೀ. ಅದೇ ಜಾಗದಿಂದ ರೈಲು ಹಳಿ ಹಿಡಿದು ಹೋದರೆ ಸುಮಾರು 24. ರಸ್ತೆಯಲ್ಲೂ ಹೆಚ್ಚು ಕಡಿಮೆ ಅಷ್ಟೇ, ದಾರಿ ನೋಡಿಕೊಂಡು ಒಂದೆರಡು ಕಿ.ಮೀ. ಆಚೀಚೆ. 16 ಅಂದವರು ಎಂ.ಜಿ. ರಸ್ತೆಯಿಂದ ನೇರವಾಗಿ ಅಳೆದಿದ್ದಾರೆ. ಅವರ ಲೆಕ್ಕದಲ್ಲಿ ಊರಿನ ನಡುಮಧ್ಯ ಅದು.

ಮೆಜೆಸ್ಟಿಕ್‌ಗೂ ಎಂ.ಜಿ. ರಸ್ತೆಗೂ ನಡುವೆ ನಾಲ್ಕು ಕಿ.ಮೀ. ಹತ್ತಿರ ಹತ್ತಿರ ಇದೆ. ನಿಮ್ಮ 16ಕ್ಕೂ 20ಕ್ಕೂ ಇರುವ ವ್ಯತ್ಯಾಸ ಅದೇ. ಈ ನಾಲ್ಕು ಕಿ.ಮೀ. ಹುಟ್ಟಿದ್ದು ಇಂದು ನಿನ್ನೆ ಅಲ್ಲ.

ಬೆಂಗಳೂರು ತುಂಬಾ ಕಾಲ ಒಂದು ಊರಾಗಿರಲಿಲ್ಲ, ಎರಡಾಗಿತ್ತು. ಒಂದು ಪೇಟೆ, ಇನ್ನೊಂದು ದಂಡು. ಪೇಟೆ ಕೆಂಪೇಗೌಡರದ್ದು, 1537ರದ್ದು. ಇವತ್ತು ಚಿಕ್ಕಪೇಟೆ, ಅವೆನ್ಯೂ ರಸ್ತೆ ಕೂಡುವ ಜಾಗದಿಂದ ನಾಲ್ಕು ದಿಕ್ಕಿಗೆ ನೇಗಿಲು ಹೂಡಿ, ಎತ್ತು ನಿಂತಲ್ಲಿ ಊರಿನ ಬಾಗಿಲು ಕಟ್ಟಿಸಿದರು ಅಂತ ಕಥೆ ಇದೆ. ಹಲಸೂರು ಬಾಗಿಲು, ಯಲಹಂಕ ಬಾಗಿಲು, ಆನೇಕಲ್ ಬಾಗಿಲು, ಸೊಂಡೆಕೊಪ್ಪ ಬಾಗಿಲು. ಹೆಸರಿನಲ್ಲೇ ದಾರಿ ಎಲ್ಲಿಗೆ ಹೋಗುತ್ತದೆ ಅಂತ ಹೇಳಿಬಿಟ್ಟಿದ್ದಾರೆ ನೋಡಿ.

ದಂಡು ಅಂದರೆ ಬ್ರಿಟಿಷರ ಸೈನ್ಯ ಬೀಡುಬಿಟ್ಟ ಜಾಗ. 1809ರಲ್ಲಿ ಪೇಟೆಯ ಪೂರ್ವಕ್ಕೆ ಅದು ಶುರುವಾಯಿತು. ಎಂ.ಜಿ. ರಸ್ತೆ, ಶಿವಾಜಿನಗರ, ಹಲಸೂರು ಎಲ್ಲಾ ಆ ಕಡೆಯವು. 1864ರಲ್ಲಿ ಮೊದಲ ರೈಲು ಬಂದಿದ್ದೂ ದಂಡಿಗೇ. ಕಂಟೋನ್ಮೆಂಟ್ ಸ್ಟೇಷನ್‌ನ ಬೋರ್ಡಿನಲ್ಲಿ ಈಗಲೂ ಕನ್ನಡದಲ್ಲಿ ‘ಬೆಂಗಳೂರು ದಂಡು’ ಅಂತಲೇ ಇದೆ. ಎರಡೂ ಊರುಗಳು ಒಂದೇ ಕಾರ್ಪೊರೇಷನ್ ಕೆಳಗೆ ಬಂದಿದ್ದು 1949ರಲ್ಲಿ. ಆದರೆ ಜನರ ತಲೆಯಲ್ಲಿ ಎರಡು ಮಧ್ಯಗಳು ಹಾಗೇ ಉಳಿದವು. ಬಸವನಗುಡಿಯ ಅಜ್ಜಿಯೊಬ್ಬರು ‘ಪೇಟೆಗೆ ಹೋಗ್ತೀನಿ’ ಅಂದರೆ ಚಿಕ್ಕಪೇಟೆ ಕಡೆ ಹೊರಟರು ಅಂತ ಅರ್ಥ. ಫ್ರೇಜರ್ ಟೌನಿನವರಿಗೆ ಪೇಟೆ ಅಂದರೆ ಕಮರ್ಷಿಯಲ್ ಸ್ಟ್ರೀಟ್.

ಒಂದು ತಮಾಷೆ ಗಮನಿಸಿ. ವಿಧಾನಸೌಧ ಈ ಎರಡರ ಸರಿಯಾಗಿ ನಡುವೆ ಇದೆ. ಮೆಜೆಸ್ಟಿಕ್‌ನಿಂದಲೂ ಸುಮಾರು ಎರಡು ಕಿ.ಮೀ., ಎಂ.ಜಿ. ರಸ್ತೆಯಿಂದಲೂ ಸುಮಾರು ಎರಡು ಕಿ.ಮೀ. ಇಬ್ಬರು ಹೆಂಡಿರ ನಡುವೆ ಕೂತವನ ಹಾಗೆ. ಇನ್ನು ಬೆಂಗಳೂರಿನ ಅಕ್ಷಾಂಶ ರೇಖಾಂಶ ಅಂತ ಸಾಮಾನ್ಯವಾಗಿ ಕೊಡುವ 12.9716, 77.5946 ಅನ್ನು ಫೋನಿನ ಮ್ಯಾಪ್‌ನಲ್ಲಿ ಹಾಕಿ ನೋಡಿ. ಚುಕ್ಕೆ ಬೀಳುವುದು ಕಂಠೀರವ ಸ್ಟೇಡಿಯಂಗೂ ಯುಬಿ ಸಿಟಿಗೂ ನಡುವೆ. ಅಲ್ಲಿ ಬಸ್ಸೂ ನಿಲ್ಲಲ್ಲ, ರೈಲೂ ನಿಲ್ಲಲ್ಲ. ಅಲ್ಲಿಂದ ಅಳೆದ ದೂರ ಕಟ್ಟಿಕೊಂಡು ನಿಮಗೇನಾಗಬೇಕು?

ಹಾಗಾಗಿ ನಾನು ಮೆಜೆಸ್ಟಿಕ್‌ನಲ್ಲೇ ಗೂಟ ಹೊಡೆಯುತ್ತೇನೆ. ಬ್ಯಾಗು ಹಿಡಿದು ಇಳಿಯುವವನಿಗೆ ದೂರ ಶುರುವಾಗುವುದೇ ಅಲ್ಲಿಂದ. ಕೆಳಗೆ ಕೊಟ್ಟಿರುವುದು ಮೆಜೆಸ್ಟಿಕ್‌ನಿಂದ ನೇರ ಗೆರೆಯ ದೂರ.

ಮಲ್ಲೇಶ್ವರ ಮೂರು ಕಿ.ಮೀ., ಬಸವನಗುಡಿ ನಾಲ್ಕರ ಒಳಗೆ. ಇವೆರಡೂ 1898ರಲ್ಲಿ ಪ್ಲೇಗ್ ಬಂದಾಗ ಪೇಟೆಯ ಇಕ್ಕಟ್ಟು ತಪ್ಪಿಸಲು ಮಾಡಿದ ಬಡಾವಣೆಗಳು. ಆ ಕಾಲಕ್ಕೆ ಇಷ್ಟು ದೂರವೇ ‘ಊರಾಚೆ’. ಜಯನಗರ ನಾಲ್ಕನೇ ಬ್ಲಾಕ್ ಐದೂವರೆ. ಹೆಬ್ಬಾಳ, ಕೋರಮಂಗಲ, ಇಂದಿರಾನಗರ ಮೂರೂ ಏಳು, ಏಳೂವರೆ. ಕೆಂಗೇರಿ ಹನ್ನೊಂದೂವರೆ. ಯಲಹಂಕ ಮತ್ತು ಮಾರತಹಳ್ಳಿ ಹದಿನಾಲ್ಕು. ಎಲೆಕ್ಟ್ರಾನಿಕ್ ಸಿಟಿ ಹದಿನೇಳೂವರೆ. ದೇವನಹಳ್ಳಿ ಹತ್ತಿರದ ವಿಮಾನ ನಿಲ್ದಾಣ 28-29.

ಜಯನಗರದ ದಾರಿಯಲ್ಲಿ ಸೌತ್ ಎಂಡ್ ಸರ್ಕಲ್ ಅಂತ ಒಂದಿದೆ. ಈಗ ಅದು ಊರಿನ ನಡುವಿನ ಒಂದು ಮಾಮೂಲಿ ವೃತ್ತ, ಸುತ್ತಲೂ ಟ್ರಾಫಿಕ್ಕು. ದಕ್ಷಿಣಕ್ಕೆ ಊರು ಮುಗಿಯುತ್ತಿದ್ದುದು ಅಲ್ಲಿ ಅಂತಲೇ ಆ ಹೆಸರು. ಮೆಜೆಸ್ಟಿಕ್‌ನಿಂದ ಐದು ಕಿ.ಮೀ. ಕೂಡ ಇಲ್ಲ! ಕೆಂಪೇಗೌಡ ಗೋಪುರಗಳನ್ನು ನೋಡಿದರೂ ಅಷ್ಟೇ. ಲಾಲ್‌ಬಾಗ್ ಬಂಡೆ, ಕೆಂಪಾಂಬುಧಿ ಕೆರೆ, ಹಲಸೂರು ಕೆರೆ, ಮೇಖ್ರಿ ಸರ್ಕಲ್, ಈ ನಾಲ್ಕೂ ಚಿಕ್ಕಪೇಟೆಯಿಂದ ಹೆಚ್ಚೆಂದರೆ ಐದು ಕಿ.ಮೀ. ಊರು ಇವನ್ನು ದಾಟಿ ಬೆಳೆಯಬಾರದು ಅಂತ ಹಿಂದಿನವರು ಗಡಿ ಹಾಕಿದ್ದರು ಎಂಬ ಮಾತಿದೆ. ದಾಟಿ ಎಷ್ಟೋ ಕಾಲವಾಯಿತು.

ಯಲಹಂಕದ ಲೆಕ್ಕ ಇನ್ನೂ ಸ್ವಾರಸ್ಯ. ‘ಬೆಂಗಳೂರಿನಿಂದ ಯಲಹಂಕ ಹದಿನಾಲ್ಕು’ ಅಂತ ನಾವು ಹೇಳುತ್ತೇವೆ. ಆದರೆ ಕೆಂಪೇಗೌಡರು ಯಲಹಂಕದ ನಾಡಪ್ರಭುಗಳು. ಅಲ್ಲಿಂದ ಬಂದು ಅವರು ಹೊಸ ಊರು ಕಟ್ಟಿದ್ದು. ಆ ಲೆಕ್ಕದಲ್ಲಿ ಬೆಂಗಳೂರೇ ಯಲಹಂಕದಿಂದ ಹದಿನಾಲ್ಕು ಕಿ.ಮೀ. ದೂರದ ಬಡಾವಣೆ. ವೈಟ್‌ಫೀಲ್ಡ್ ಕೂಡ ಬೆಂಗಳೂರಿನ ಭಾಗವಾಗಿ ಹುಟ್ಟಿದ್ದಲ್ಲ. 1882ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಆಂಗ್ಲೋ ಇಂಡಿಯನ್ನರು ಬೇಸಾಯ ಮಾಡಿಕೊಂಡಿರಲಿ ಅಂತ ಆದ ಹಳ್ಳಿ ಅದು. ಅದಕ್ಕೆ ಓಡಾಡಿದ ಡಿ.ಎಸ್. ವೈಟ್ ಅವರ ಹೆಸರು ಊರಿಗೆ ಬಂತು. 1970ರ ದಶಕದ ಕೊನೆಯಲ್ಲಿ ಸರ್ಕಾರಿ ಕಂಪನಿ ಕಿಯೋನಿಕ್ಸ್‌ನ ಮುಖ್ಯಸ್ಥರಾಗಿದ್ದ ಆರ್.ಕೆ. ಬಾಳಿಗಾ ಅವರು ಎಲೆಕ್ಟ್ರಾನಿಕ್ ಸಿಟಿಯ ಕನಸು ಕಂಡಿದ್ದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಅನ್ನುವ ಹಳ್ಳಿಗಳ 332 ಎಕರೆಯಲ್ಲಿ. ಇವೆಲ್ಲ ದೂರ ಇರಲಿ ಅಂತಲೇ ದೂರ ಇದ್ದವು. ಊರು ಆಮೇಲೆ ಅವುಗಳ ಹತ್ತಿರ ನಡೆದುಕೊಂಡು ಬಂತು.

ನೇರ ಗೆರೆಯ ದೂರ ಕಾಗೆಗಾಯಿತು. ಮನುಷ್ಯರಿಗೆ? ಅದರ ಮೇಲೆ ಸುಮಾರು ಕಾಲು ಭಾಗ ಸೇರಿಸಿಕೊಳ್ಳಿ. ವಿಮಾನ ನಿಲ್ದಾಣ ನೇರವಾಗಿ 28-29 ಇದ್ದರೆ ರಸ್ತೆಯಲ್ಲಿ 35ರ ಆಸುಪಾಸು. ಬೆಂಗಳೂರಿನ ರಸ್ತೆಗಳು ಸುತ್ತಿ ಬಳಸಿ ಹೋಗಲು ಕಾರಣ ಇದೆ. ಕೆರೆಗಳು, ರೈಲು ಹಳಿಗಳು, ಎಲ್ಲಕ್ಕಿಂತ ಜಾಸ್ತಿ ಸೈನ್ಯದ ಜಮೀನು. ಕೋರಮಂಗಲದಿಂದ ಇಂದಿರಾನಗರಕ್ಕೆ ಹೋಗುವ ಒಳ ವರ್ತುಲ ರಸ್ತೆಯ ಇಕ್ಕೆಲದ ಗೋಡೆ ನೋಡಿ, ಆಚೆ ಇರುವುದು ಸೈನ್ಯದ ಜಾಗ. ಪೂರ್ವದಲ್ಲಿ ವಿಮಾನ ಕಾರ್ಖಾನೆ ಎಚ್‌ಎಎಲ್‌ನ ರನ್‌ವೇ ಅಡ್ಡ ಮಲಗಿದೆ. ಪ್ರಯಾಣಿಕರ ವಿಮಾನಗಳು 2008ರ ಮೇನಲ್ಲಿ ದೇವನಹಳ್ಳಿಗೆ ಹೋದವು. ಆ ರಸ್ತೆಯ ಹೆಸರು ಮಾತ್ರ ಇನ್ನೂ ಓಲ್ಡ್ ಏರ್‌ಪೋರ್ಟ್ ರೋಡ್. ನಾನು ಹೊಸದಾಗಿ ಬಂದಾಗ ಆಟೋದವರಿಗೆ ಸುಮ್ನೆ ‘ಏರ್‌ಪೋರ್ಟ್ ರೋಡ್’ ಅಂದುಬಿಟ್ಟಿದ್ದೆ. ಹೆಬ್ಬಾಳದ ಆಚೆ ಇರಬೇಕಾದವನು ದೊಮ್ಮಲೂರಿನಲ್ಲಿ ಇಳಿದೆ. ತಪ್ಪು ನನ್ನದೇ, ಆ ಹೆಸರಿಗೆ ಎರಡು ರಸ್ತೆ ಇವೆ ಅಂತ ಗೊತ್ತಿರಲಿಲ್ಲ.

ಹೆಸರಿನ ಗೋಜಲು ಈಗ ಇನ್ನೊಂದು ಸುತ್ತು ಹೆಚ್ಚಾಗಿದೆ. ‘ಬೆಂಗಳೂರು ದಕ್ಷಿಣ’ ಅಂತ ಯಾರಾದರೂ ಹೇಳಿದರೆ ಯಾವುದು ಅಂತ ಕೇಳಿಕೊಳ್ಳಿ. ಆ ಹೆಸರಿನ ಲೋಕಸಭಾ ಕ್ಷೇತ್ರ ಇದೆ, ತಾಲ್ಲೂಕು ಇದೆ. 2025ರಲ್ಲಿ ರಾಮನಗರ ಜಿಲ್ಲೆಗೂ ಬೆಂಗಳೂರು ದಕ್ಷಿಣ ಅಂತ ಹೆಸರಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆಗಳಾದವು. ಅದರಲ್ಲೂ ಒಂದು ಬೆಂಗಳೂರು ದಕ್ಷಿಣ. ಪಾಲಿಕೆಯ ದಕ್ಷಿಣಕ್ಕೆ ಮೆಟ್ರೊದಲ್ಲಿ ಹೋಗಬಹುದು. ಜಿಲ್ಲೆಯ ದಕ್ಷಿಣ, ಅಂದರೆ ರಾಮನಗರ, ಮೈಸೂರು ದಾರಿಯಲ್ಲಿ ಐವತ್ತು ಕಿ.ಮೀ. ಹತ್ತಿರ. ಬಾಡಿಗೆ ಮನೆ, ಸೈಟು ಅಂತ ಜಾಹೀರಾತು ನೋಡುವಾಗ ಇದು ನೆನಪಿರಲಿ.

ಇನ್ನು ಹೊತ್ತಿನ ವಿಷಯ. ಬೆಂಗಳೂರಿಗರನ್ನು ‘ಎಷ್ಟು ದೂರ’ ಅಂತ ಕೇಳಿದರೆ ‘ಒಂದೂವರೆ ಗಂಟೆ’ ಅಂತಾರೆ. ಬೇಕಂತ ಹಾಗೆ ಹೇಳುವುದಲ್ಲ, ಇಲ್ಲಿ ಕಿಲೋಮೀಟರ್ ಕಟ್ಟಿಕೊಂಡು ಯಾರಿಗೂ ಪ್ರಯೋಜನ ಇಲ್ಲ. ಸಿಲ್ಕ್ ಬೋರ್ಡ್, ಹೆಬ್ಬಾಳ, ಟಿನ್ ಫ್ಯಾಕ್ಟರಿ, ಈ ಮೂರು ಜಂಕ್ಷನ್‌ಗಳಲ್ಲಿ ಯಾವುದನ್ನು ಯಾವ ಹೊತ್ತಿಗೆ ದಾಟುತ್ತೀರಿ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಬೆಳಗ್ಗೆ ಆರಕ್ಕೆ ಹತ್ತಿರ ಇದ್ದ ಜಾಗ ಒಂಬತ್ತೂವರೆಗೆ ದೂರ ಹೋಗಿರುತ್ತದೆ.

ಮೆಟ್ರೊ ಬಂದಮೇಲೆ ಕೆಲವು ಊರುಗಳು ನಿಜಕ್ಕೂ ಹತ್ತಿರವಾದವು. ನೇರಳೆ ಮಾರ್ಗ 2023ರ ಅಕ್ಟೋಬರ್‌ನಿಂದ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ನ ಕಾಡುಗೋಡಿವರೆಗೆ ಪೂರ್ತಿ ಓಡುತ್ತಿದೆ. ಮೆಜೆಸ್ಟಿಕ್‌ನಿಂದ ವೈಟ್‌ಫೀಲ್ಡ್‌ಗೆ ಹೆಚ್ಚು ಕಡಿಮೆ ಐವತ್ತು ನಿಮಿಷ, ಮಳೆ ಬರಲಿ ಬಿಡಲಿ. ಎಲೆಕ್ಟ್ರಾನಿಕ್ ಸಿಟಿಗೆ 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಬಂತು. ಮೆಜೆಸ್ಟಿಕ್‌ನಲ್ಲಿ ಹಸಿರು ಹತ್ತಿ, ಆರ್.ವಿ. ರಸ್ತೆಯಲ್ಲಿ ಹಳದಿಗೆ ಬದಲಾಯಿಸಿಕೊಂಡರಾಯಿತು. ಕೆಂಗೇರಿಗೂ ನೇರಳೆಯೇ. ಯಲಹಂಕಕ್ಕೆ ಮಾತ್ರ ಬಸ್ಸೋ ರೈಲೋ ನೋಡಿಕೊಳ್ಳಬೇಕು. ಹಾಗಾಗಿ ಗೆರೆಯಲ್ಲಿ ಹತ್ತಿರ ಇರುವ ಯಲಹಂಕ ಎಷ್ಟೋ ಸಲ ವೈಟ್‌ಫೀಲ್ಡ್‌ಗಿಂತ ದೂರ ಅನ್ನಿಸುತ್ತದೆ.

ಈಗ ನಿಮ್ಮ ಮಗಳ ವಿಷಯಕ್ಕೆ ಬರೋಣ. ಬಸ್ಸು ನಸುಕಿನಲ್ಲಿ ಮೆಜೆಸ್ಟಿಕ್ ಮುಟ್ಟುತ್ತದೆ. ಇಳಿಯುವ ಮೊದಲೇ ‘ಎಲ್ಲಿಗೆ ಮೇಡಂ?’ ಅಂತ ಆಟೋದವರು ಬಾಗಿಲ ಹತ್ತಿರ ಇರುತ್ತಾರೆ. ವೈಟ್‌ಫೀಲ್ಡ್ ಅಂದ ಕೂಡಲೇ ‘ವಾಪಸ್ ಖಾಲಿ ಬರ್ಬೇಕು’ ಅನ್ನುವುದು ಖಾಯಂ ಮಾತು. 2025ರ ಆಗಸ್ಟ್‌ನಿಂದ ಮೀಟರ್ ದರ ಮೊದಲ ಎರಡು ಕಿ.ಮೀ.ಗೆ 36 ರೂಪಾಯಿ, ಆಮೇಲೆ ಕಿ.ಮೀ.ಗೆ 18. 22 ಕಿ.ಮೀ. ಅಂದರೆ 396 ರೂಪಾಯಿ. ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಒಂದೂವರೆ ಪಟ್ಟು. ಕೇಳಿದ ರೇಟಿಗೂ ಇದಕ್ಕೂ ಎಷ್ಟು ಅಂತರ ಇದೆ ಅಂತ ಲೆಕ್ಕ ಹಾಕಿ ಹತ್ತಲಿ. ಐದು ದಾಟಿದ್ದರೆ ಮೆಟ್ರೊ ಶುರುವಾಗಿರುತ್ತದೆ, ಭಾನುವಾರ ಮಾತ್ರ ತಡ. ಬಸ್ಸೇ ಬೇಕಾದರೆ ಕಾಡುಗೋಡಿಗೆ 335ಇ.

ಮನೆ ಅಥವಾ ಪಿಜಿ ಹುಡುಕುವ ಮೊದಲು ಆಫರ್ ಲೆಟರ್‌ನಲ್ಲಿರುವ ಆಫೀಸಿನ ವಿಳಾಸ ಪೂರ್ತಿ ಓದಿ. ಬರೀ ‘ವೈಟ್‌ಫೀಲ್ಡ್’ ಸಾಲದು. ಹೂಡಿಯಿಂದ ವರ್ತೂರಿಗೇ ಆರು ಕಿ.ಮೀ.ಗೂ ಜಾಸ್ತಿ ಇದೆ, ಎರಡನ್ನೂ ಜನ ವೈಟ್‌ಫೀಲ್ಡ್ ಅಂತಲೇ ಹೇಳುತ್ತಾರೆ. ಆಫೀಸು ಐಟಿಪಿಎಲ್ ಅನ್ನುವ ಟೆಕ್ ಪಾರ್ಕ್‌ನಲ್ಲಿದ್ದರೆ ಮೆಟ್ರೊದಲ್ಲಿ ಇಳಿಯಬೇಕಾದ್ದು ಪಟ್ಟಂದೂರು ಅಗ್ರಹಾರದಲ್ಲಿ. ಹಾಗಿದ್ದರೆ ನೇರಳೆ ಮಾರ್ಗದ ಯಾವ ಸ್ಟೇಷನ್ ಹತ್ತಿರ ಮನೆ ಮಾಡಿದರೂ ನಡೆಯುತ್ತದೆ. ಬಾಡಿಗೆ ಕಡಿಮೆ ಅಂತ ಕೆಂಗೇರಿಯಲ್ಲಿದ್ದು ಓಡಾಡುವವರೂ ಇದ್ದಾರೆ, ಒಂದು ತುದಿಯಿಂದ ಇನ್ನೊಂದು ತುದಿಗೆ. ಆಫೀಸು ವರ್ತೂರಿನ ಕಡೆ ಇದ್ದರೆ ಮೆಟ್ರೊ ನಂಬಿಕೊಂಡು ದೂರ ಮನೆ ಮಾಡಬೇಡಿ. ಅಲ್ಲೇ ಎರಡು ಮೂರು ಕಿ.ಮೀ. ಒಳಗೆ ನೋಡಿ. ನೋಡಲು ಹೋಗುವುದಾದರೆ ಭಾನುವಾರ ಬೇಡ, ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಹೋಗಿ.