ತಾಹೋ ಸರೋವರ: ಗಾಳಿ ನೋಡಿ ನೀರಿಗಿಳಿಯಿರಿ

ಜೂನ್ ಬಂತೆಂದರೆ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಕನ್ನಡದ ಮನೆಗಳಲ್ಲಿ ತಾಹೋ ಪ್ರವಾಸದ ಮಾತು ಶುರುವಾಗುತ್ತದೆ. ಮಕ್ಕಳಿಗೆ ರಜೆ, ಊರಿಂದ ಅಪ್ಪ-ಅಮ್ಮ ಬಂದಿರುತ್ತಾರೆ. ನಾಲ್ಕು ಗಂಟೆ ಕಾರು ಓಡಿಸಿದರೆ ಸಿಯೆರಾ ನೆವಾಡಾ ಬೆಟ್ಟಗಳ ನಡುವಿನ ಆ ನೀಲಿ ನೀರು. ಹೊರಡುವ ಮುಂಚೆ ಫೋನಿನಲ್ಲಿ ಹವಾಮಾನ ನೋಡುತ್ತೀರಿ: 26 ಡಿಗ್ರಿ, ಒಳ್ಳೆ ಬಿಸಿಲು. ಆದರೆ ಆ ಅಂಕಿ ಗಾಳಿಯದು. ಅದೇ ದಿನ ನೀರು 12 ಡಿಗ್ರಿ ಇರಬಹುದು. ಮಕ್ಕಳನ್ನು ನೀರಿಗೆ ಬಿಡುವ ಮುಂಚೆ ತಿಳಿದಿರಬೇಕಾದ್ದು ಈ ಎರಡನೇ ಅಂಕಿ.

ತಾಹೋ ಸಮುದ್ರಮಟ್ಟದಿಂದ 1,897 ಮೀಟರ್ ಎತ್ತರದಲ್ಲಿದೆ. ಅತಿ ಹೆಚ್ಚಿನ ಆಳ 501 ಮೀಟರ್. ಇಷ್ಟೊಂದು ನೀರು ಬೇಸಿಗೆಯ ಬಿಸಿಲಿಗೆ ಬೇಗ ಕಾಯುವುದಿಲ್ಲ. ಮೇಲಿನ ಒಂದು ಪದರ ಮಾತ್ರ ಕಾಯುತ್ತದೆ. ಕೆಳಗಿರುವುದು ವರ್ಷವಿಡೀ 5 ಡಿಗ್ರಿಯ ಆಸುಪಾಸಿನ ನೀರು. ಮೇ, ಜೂನ್‌ನಲ್ಲಿ ಸುತ್ತಲಿನ ಹೊಳೆಗಳು ಹಿಮ ಕರಗಿದ ನೀರನ್ನು ತಂದು ಸುರಿಯುತ್ತಿರುತ್ತವೆ, ಬೆಚ್ಚನೆ ಪದರ ಇನ್ನೂ ತೆಳುವಾಗಿರುತ್ತದೆ. ಜುಲೈ ಕೊನೆಯಿಂದ ಆಗಸ್ಟ್ ಮುಗಿಯುವವರೆಗೆ ಮೇಲ್ಮೈ 18ರಿಂದ 20 ಡಿಗ್ರಿಗೆ ಬರುತ್ತದೆ. ಈಜುವುದೇ ಮುಖ್ಯ ಅಂತಾದರೆ ಪ್ರವಾಸವನ್ನು ಆ ವಾರಗಳಿಗೇ ಇಟ್ಟುಕೊಳ್ಳಿ. ಜೂನ್‌ನಲ್ಲಿ ಹೋಗುವವರು ನಡಿಗೆಗೆಂದು ಹೋಗಿ, ನೀರಿನಲ್ಲಿ ಕಾಲು ಅದ್ದಿ ಬರುವುದು ಸರಿ.

ಆಗಸ್ಟ್‌ನಲ್ಲೂ ಲೆಕ್ಕ ತಪ್ಪಿಸುವುದು ಗಾಳಿ. ಇಲ್ಲಿ ಹೆಚ್ಚಾಗಿ ಬೀಸುವುದು ನೈಋತ್ಯದ ಗಾಳಿ. ಅದು ಜೋರಾದಾಗ ಮೇಲಿನ ಬೆಚ್ಚನೆ ನೀರನ್ನು ಪೂರ್ವ ದಂಡೆಯ ಕಡೆ ತಳ್ಳಿಕೊಂಡು ಹೋಗುತ್ತದೆ. ಪಶ್ಚಿಮದಲ್ಲಿ ತೆರವಾದ ಜಾಗಕ್ಕೆ ಆಳದ ತಣ್ಣೀರು ಮೇಲೇಳುತ್ತದೆ. ಹೀಗಾಗಿ ನಿನ್ನೆ ಮಕ್ಕಳು ಗಂಟೆಗಟ್ಟಲೆ ಆಡಿದ್ದ ಪಶ್ಚಿಮ ದಂಡೆಯ ಮೀಕ್ಸ್ ಬೇಯಲ್ಲಿ ಇವತ್ತು ಬೆಳಗ್ಗೆ ಕಾಲಿಡಲೂ ಆಗದಿರಬಹುದು, ಆಕಾಶ ಮಾತ್ರ ನಿನ್ನೆಯಷ್ಟೇ ತಿಳಿಯಾಗಿರುತ್ತದೆ. ಯುಸಿ ಡೇವಿಸ್‌ನ ತಾಹೋ ಸಂಶೋಧನಾ ಕೇಂದ್ರ ದಂಡೆಯ ಸುತ್ತ ಹಲವೆಡೆ ಅಳೆಯುವ ನೀರಿನ ಉಷ್ಣತೆ ಅವರ ವೆಬ್‌ಸೈಟ್‌ನಲ್ಲಿ ಸಿಗುತ್ತದೆ. ಹೊರಡುವ ದಿನ ಬೆಳಗ್ಗೆ ಅದನ್ನು ನೋಡಿ. ರೀನೋದ ಹವಾಮಾನ ಕಚೇರಿ ಸರೋವರಕ್ಕೆಂದೇ ಗಾಳಿಯ ಎಚ್ಚರಿಕೆ ಹೊರಡಿಸುತ್ತದೆ. ಅದು ಇರುವ ದಿನ ಕಯಾಕ್, ಪ್ಯಾಡಲ್‌ಬೋರ್ಡ್ ಬಾಡಿಗೆಗೆ ತೆಗೆದುಕೊಳ್ಳಲೇಬೇಡಿ.

ಎಚ್ಚರಿಕೆ ಇಲ್ಲದ ದಿನವೂ ಮಧ್ಯಾಹ್ನದ ಹೊತ್ತಿಗೆ ಗಾಳಿ ಏಳುತ್ತದೆ. ಪ್ಯಾಡಲ್ ಮಾಡುವುದಿದ್ದರೆ ಬೆಳಗ್ಗೆ ಏಳಕ್ಕೆ ಶುರು ಮಾಡಿ, ಹನ್ನೊಂದಕ್ಕೆ ದಡ ಸೇರಿ. ಪಶ್ಚಿಮ ದಂಡೆಯಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಅಲ್ಲಿ ಗಾಳಿ ದಡದಿಂದ ನೀರಿನೊಳಕ್ಕೆ ಬೀಸುತ್ತದೆ. ದಡದಲ್ಲಿ ಮರಗಳ ಮರೆಯಿದ್ದು ನೀರು ನಿಶ್ಚಲವಾಗಿ ಕಾಣುತ್ತದೆ. ಗಾಳಿ ತುಂಬಿದ ಟ್ಯೂಬಿನ ಮೇಲೆ ಕೂತ ಮಗು ನೂರು ಅಡಿ ಆಚೆ ಹೋದ ಮೇಲೆ ಗಾಳಿಗೆ ಸಿಗುತ್ತದೆ, ಅಲ್ಲಿಂದ ತಾನಾಗಿ ವಾಪಸ್ ಬರಲಾರದು. ಇಂಥ ಟ್ಯೂಬುಗಳನ್ನು ಮನೆಯಲ್ಲೇ ಬಿಟ್ಟು ಹೋಗುವುದು ಒಳ್ಳೆಯದು. 2025ರ ಜೂನ್ 21ರಂದು ದಿಢೀರನೆ ಎದ್ದ ಬಿರುಗಾಳಿಗೆ ಡಿ. ಎಲ್. ಬ್ಲಿಸ್ ಉದ್ಯಾನದ ಹತ್ತಿರ ದೋಣಿಯೊಂದು ಮಗುಚಿ ಎಂಟು ಜನ ತೀರಿಕೊಂಡರು. ಹತ್ತು ಜನ ಕೂತಿದ್ದ ಮೋಟಾರು ದೋಣಿಗೇ ಆ ಗತಿಯಾಯಿತು.

ತಣ್ಣೀರು ಮೈಗೆ ಏನು ಮಾಡುತ್ತದೆ ಅನ್ನುವುದನ್ನು ಈಜು ಬಲ್ಲವರೂ ತಿಳಿದಿರುವುದಿಲ್ಲ. 15 ಡಿಗ್ರಿಗಿಂತ ತಣ್ಣಗಿನ ನೀರಿಗೆ ಒಮ್ಮೆಲೇ ಹಾರಿದರೆ ತಾನಾಗಿ ಏದುಸಿರು ಬರುತ್ತದೆ. ಆ ಮೊದಲ ಉಸಿರು ನೀರಿನೊಳಗೆ ಎಳೆದುಕೊಂಡರೆ ಮುಳುಗುವುದಕ್ಕೆ ಅಷ್ಟೇ ಸಾಕು. ಅಂದಾಜಿಗೆ ಹೇಳುವ ಲೆಕ್ಕ ಹೀಗೆ: ಉಸಿರು ಹತೋಟಿಗೆ ಬರಲು ಒಂದು ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು ಹತ್ತು ನಿಮಿಷ, ಪ್ರಜ್ಞೆ ಉಳಿಯುವುದು ಸುಮಾರು ಒಂದು ಗಂಟೆ. ಈ ಲೆಕ್ಕ ತೀರಾ ತಣ್ಣಗಿನ ನೀರಿನದು, ಆದರೂ ಜನ ಸಾಯುವುದು ಹೆಚ್ಚಾಗಿ ಮೊದಲ ಹನ್ನೊಂದು ನಿಮಿಷದಲ್ಲಿ ಅನ್ನುವುದು ನೆನಪಿರಲಿ. ಆದ್ದರಿಂದ ಬಂಡೆಯಿಂದ ಹಾರಬೇಡಿ. ನಡೆದುಕೊಂಡು ಇಳಿದು, ಮುಖಕ್ಕೂ ಕತ್ತಿಗೂ ನೀರು ಚಿಮುಕಿಸಿ, ಉಸಿರು ಸಮವಾದ ಮೇಲೆ ಎದೆಮಟ್ಟಕ್ಕೆ ಹೋಗಿ. ದಡಕ್ಕೆ ಸಮಾನಾಂತರವಾಗಿ ಈಜಿ. ಮಗುವಿನ ತುಟಿ ನೀಲಿಯಾಗಿ, ಮಾತು ತೊದಲಿದರೆ ಆಟ ಅಲ್ಲಿಗೇ ಮುಗಿಯಿತು: ಒದ್ದೆ ಬಟ್ಟೆ ತೆಗೆಸಿ, ಒಣ ಟವೆಲ್ ಸುತ್ತಿ, ಟೋಪಿ ಹಾಕಿಸಿ.

ಬಟ್ಟೆಯ ವಿಷಯವೂ ಇದೇ. ಜೀನ್ಸ್, ಚೂಡಿದಾರ, ಸೀರೆ ಉಟ್ಟುಕೊಂಡೇ ಸೊಂಟದ ತನಕ ಇಳಿಯುವುದು ನಮ್ಮಲ್ಲಿ ರೂಢಿ. ನೆನೆದ ಹತ್ತಿ ಮೈಗೆ ಅಂಟಿಕೊಂಡು ಶಾಖ ಹೀರುತ್ತದೆ, ಕಾಲಿಗೆ ಸುತ್ತಿಕೊಳ್ಳುತ್ತದೆ. ಮೈ ತುಂಬ ಮುಚ್ಚಿರಬೇಕು ಅನ್ನುವವರಿಗೆ ಉದ್ದ ತೋಳಿನ ಈಜುಡುಗೆ, ಲೆಗ್ಗಿಂಗ್ಸ್ ಸಿಗುತ್ತವೆ. ಮಕ್ಕಳಿಗೆ 3 ಮಿಲಿಮೀಟರ್ ದಪ್ಪದ ವೆಟ್‌ಸೂಟ್ ಕೊಡಿಸಿದರೆ ಅವರು ನೀರಿನಲ್ಲಿ ಆಡುವ ಹೊತ್ತು ಹೆಚ್ಚುತ್ತದೆ.

ಲೈಫ್ ಜಾಕೆಟ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಸರೋವರ ಹರಡಿರುವ ಎರಡೂ ರಾಜ್ಯಗಳಲ್ಲಿ, ಅಂದರೆ ಕ್ಯಾಲಿಫೋರ್ನಿಯಾದಲ್ಲೂ ನೆವಾಡಾದಲ್ಲೂ, ಸಾಗುತ್ತಿರುವ ಸಣ್ಣ ದೋಣಿಯಲ್ಲಿ 13 ವರ್ಷದೊಳಗಿನ ಮಕ್ಕಳು ಅದನ್ನು ತೊಟ್ಟಿರಲೇಬೇಕು. ಪ್ಯಾಡಲ್‌ಬೋರ್ಡೂ ದೋಣಿಯ ಲೆಕ್ಕವೇ. ಜಾಕೆಟ್ ಒಳಗೆ ಕೋಸ್ಟ್ ಗಾರ್ಡ್ ಮುದ್ರೆ ಮತ್ತು ತೂಕ ಅಚ್ಚಾಗಿರುತ್ತದೆ: 30 ಪೌಂಡ್ ಒಳಗಿನವರಿಗೆ ಒಂದು, 30ರಿಂದ 50ಕ್ಕೆ ಒಂದು, 50ರಿಂದ 90ಕ್ಕೆ ಇನ್ನೊಂದು. ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡದು ತಂದರೆ ಅದು ಕೆಲಸಕ್ಕೆ ಬಾರದು. ಎಲ್ಲ ಬಕಲ್ ಹಾಕಿ, ಎರಡೂ ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ. ಜಾಕೆಟ್ ಮಗುವಿನ ಕಿವಿಯ ತನಕ ಜಾರಿದರೆ ಸಣ್ಣದು ಬೇಕು. ಪುಟ್ಟ ಮಕ್ಕಳಿಗೆ ಕಾಲುಗಳ ನಡುವೆ ಹಾಯುವ ಪಟ್ಟಿ ಇರಲಿ. ತೋಳಿಗೆ ಸಿಕ್ಕಿಸುವ ಗಾಳಿಚೀಲ ಆಟಿಕೆ, ಅದು ಜೀವ ಕಾಯುವುದಿಲ್ಲ. ಹೆಚ್ಚಿನ ಕಡೆ ಲೈಫ್‌ಗಾರ್ಡ್ ಇರುವುದಿಲ್ಲ, ಆದ್ದರಿಂದ ದೊಡ್ಡವರಲ್ಲಿ ಒಬ್ಬರು ಫೋನ್ ಬದಿಗಿಟ್ಟು ನೀರನ್ನೇ ನೋಡುತ್ತಿರಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ, ‘ಈಗ ನೀವು’ ಎಂದು ಬಾಯಿಬಿಟ್ಟು ಹೇಳಿ, ಸರದಿ ಬದಲಿಸಿ.

ಯಾವ ದಂಡೆ? ಚಿಕ್ಕ ಮಕ್ಕಳಿದ್ದರೆ ದಕ್ಷಿಣದ ಪೋಪ್, ಬಾಲ್ಡ್‌ವಿನ್, ನೆವಾಡಾ ಬೀಚ್, ಇಲ್ಲವೇ ಉತ್ತರದ ಕಿಂಗ್ಸ್ ಬೀಚ್. ಮರಳಿನ ತಳ ನಿಧಾನಕ್ಕೆ ಇಳಿಯುತ್ತದೆ, ನೀರೂ ಬೇಗ ಕಾಯುತ್ತದೆ. ಪೂರ್ವದ ಸ್ಯಾಂಡ್ ಹಾರ್ಬರ್ ಬಂಡೆಗಳ ನಡುವೆ ಸ್ನಾರ್ಕೆಲ್ ಮಾಡುವವರಿಗೆ ಸೊಗಸು. ಪಾರ್ಕಿಂಗ್ ಬೆಳಗ್ಗೆಯೇ ತುಂಬುವುದರಿಂದ ಪ್ರವೇಶದ ನಿಯಮವನ್ನು ಮೊದಲೇ ನೋಡಿಕೊಳ್ಳಿ. ರೂಬಿಕಾನ್ ಪಾಯಿಂಟ್ ಹತ್ತಿರ ದಡದಿಂದ ಕೆಲವೇ ಮಾರು ದೂರದಲ್ಲಿ ತಳ ಗೋಡೆಯಂತೆ ಇಳಿದುಬಿಡುತ್ತದೆ. ಈಜು ಕಲಿಯುತ್ತಿರುವವರಿಗೆ ಅದು ಬೇಡ.

ನಡಿಗೆಗೆ ಎಮರಾಲ್ಡ್ ಬೇ ಎಲ್ಲರಿಗೂ ಇಷ್ಟ. ಆದರೆ ಅಲ್ಲಿನ ದಡದಲ್ಲಿರುವ ವೈಕಿಂಗ್ಸ್‌ಹೋಮ್ ಎಂಬ ಹಳೆಯ ಬಂಗಲೆಗೆ ಹೋಗುವ ಸುಮಾರು ಒಂದು ಮೈಲಿ ದಾರಿ ಮೊದಲು ಇಳಿಜಾರು, ವಾಪಸ್ ಬರುವಾಗ ಅಷ್ಟೂ ಏರು. ಮೊಣಕಾಲು ನೋವಿರುವ ಹಿರಿಯರು ಇಳಿಯುವಾಗ ನಗುತ್ತಲೇ ಇಳಿದು, ಹತ್ತುವಾಗ ಸೋಲುತ್ತಾರೆ. ಅವರಿಗೆ ರಸ್ತೆ ಬದಿಯ ನೋಟದ ಜಾಗವೇ ಸಾಕು. ಈಗಲ್ ಲೇಕ್‌ಗೆ ಹೋಗಲೂ ಒಂದು ಮೈಲಿಯೇ, ಏರಿ ಹೋಗಿ ಇಳಿದು ಬರಬೇಕು. ಅದು ಇರುವ ಡೆಸೊಲೇಶನ್ ಅರಣ್ಯಕ್ಕೆ ದಿನದ ಅನುಮತಿ ಚೀಟಿ ಬೇಕು, ದಾರಿ ಶುರುವಾಗುವಲ್ಲೇ ಬರೆದುಕೊಳ್ಳಬಹುದು. ಸಮುದ್ರಮಟ್ಟದಿಂದ ಅದೇ ದಿನ ಬಂದವರಿಗೆ ತಲೆನೋವು, ಏದುಸಿರು ಬರಬಹುದು. ಮೊದಲ ದಿನ ನೀರು ಹೆಚ್ಚು ಕುಡಿದು ಸುಮ್ಮನೆ ಓಡಾಡಿ, ಏರುದಾರಿ ಎರಡನೇ ದಿನಕ್ಕಿರಲಿ. ಗುಡುಗು ಕೇಳಿದರೆ ನೀರು, ಬಂಡೆ ಎರಡನ್ನೂ ಬಿಟ್ಟು ಕಾರು ಸೇರಿ. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಬರಬೇಡಿ.

ಕ್ಯಾಬಿನ್ ಹಿಡಿದು ಅಡುಗೆ ಮಾಡುವವರು ಕುಕ್ಕರ್ ಒಯ್ಯಿರಿ. ಈ ಎತ್ತರದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುವುದರಿಂದ ತೆರೆದ ಪಾತ್ರೆಯಲ್ಲಿ ಬೇಳೆ ಬೇಯಲು ತುಂಬಾ ಹೊತ್ತು ಹಿಡಿಯುತ್ತದೆ. ಪುಳಿಯೋಗರೆ, ಮೊಸರನ್ನದ ಡಬ್ಬಿ ಖಾಲಿಯಾಗಿದ್ದರೂ ಕಾರಿನಲ್ಲಿ ಬಿಡಬೇಡಿ. ಇಲ್ಲಿನ ಕರಡಿಗಳಿಗೆ ಕಾರಿನ ಬಾಗಿಲು ತೆರೆಯಲು ಬರುತ್ತದೆ. ಒಳಗೆ ಹೋದ ಮೇಲೆ ಬಾಗಿಲು ಮುಚ್ಚಿಕೊಂಡರೆ ಸೀಟು, ಡ್ಯಾಶ್‌ಬೋರ್ಡ್ ಎಲ್ಲ ಹರಿದು ಹಾಕುತ್ತವೆ. ಟೆಂಟ್ ಹಾಕಿ ಉಳಿಯುವವರ ಊಟ, ಕಸ, ಟೂತ್‌ಪೇಸ್ಟ್, ಸನ್‌ಸ್ಕ್ರೀನ್ ಎಲ್ಲವೂ ರಾತ್ರಿ ಕ್ಯಾಂಪಿನ ಕಬ್ಬಿಣದ ಕರಡಿಪೆಟ್ಟಿಗೆಯಲ್ಲಿರಲಿ, ಚಿಲಕ ಸರಿಯಾಗಿ ಬಿತ್ತೇ ಎಂದು ಎಳೆದು ನೋಡಿ.